ಮೊದಲು ಪಾಲಿಕೆಯ ಸೂರು ಸೋರದಿರಲಿ

2012ರ ಆಗಸ್ಟ್ 25ರಂದು ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ನಾಲ್ಕು ವರ್ಷ ಕಳೆದು 2016ರ ಆಗಸ್ಟ್ 28ರಂದು, ಅಲ್ಲಿಂದ ಹೆಚ್ಚು ದೂರವಿಲ್ಲದ ದೇವರಾಜ ಮಾರುಕಟ್ಟೆಯ ಉತ್ತರ ದಿಕ್ಕಿನ ದ್ವಾರ ನೆಲಕ್ಕೆ ಬಂತು. ನವೀಕರಣದ ಕೆಲಸ ನಡೆಯುತ್ತಿದ್ದ ಹೊತ್ತಿನಲ್ಲೇ ಬಿತ್ತು. ಅಂದು ಭಾನುವಾರ, ಪುಣ್ಯಕ್ಕೆ ಜೀವ ಹೋಗಲಿಲ್ಲ. ಎರಡೂ ಪಾರಂಪರಿಕ ಕಟ್ಟಡಗಳೆಂದು ಗುರುತಾಗಿದ್ದವು. ಎರಡೂ ಬಿದ್ದದ್ದು ಮಳೆಗಾಲದಲ್ಲಿ, ಆಗಸ್ಟಿನ ಕೊನೆಯ ವಾರದಲ್ಲಿ. ಎರಡೂ ಮಹಾನಗರ ಪಾಲಿಕೆಯ ಸ್ವಂತ ಆಸ್ತಿ.

ಈ ಕೊನೆಯ ಸಂಗತಿಯ ಬಗ್ಗೆ ನಾವು ಮಾತಾಡುವುದು ಕಡಿಮೆ. ಹಳೆಯ ಕಟ್ಟಡ ಹೋಯಿತೆಂದರೆ ನಮ್ಮ ಸಿಟ್ಟು ನೇರವಾಗಿ ಬಿಲ್ಡರ್‌ಗಳ ಕಡೆಗೆ, ಅಜ್ಜನ ಮನೆ ಮಾರಿ ಅಪಾರ್ಟ್‌ಮೆಂಟ್ ಎಬ್ಬಿಸಿದ ಮೊಮ್ಮಕ್ಕಳ ಕಡೆಗೆ ತಿರುಗುತ್ತದೆ. ಆ ಸಿಟ್ಟಿಗೆ ಕಾರಣ ಇಲ್ಲದಿಲ್ಲ. ಆದರೆ ಮೈಸೂರಿನ ಈ ಎರಡು ಕಟ್ಟಡಗಳ ಹಿಂದೆ ಯಾವ ಬಿಲ್ಡರ್ ಇದ್ದ? ಬೆಂಗಳೂರಿನ ಲಾಲ್‌ಬಾಗಿನಲ್ಲಿ, ಆ ತೋಟವನ್ನು ಬೆಳೆಸಿದ ಕ್ರುಂಬಿಗಲ್ ಅವರ ಹೆಸರಿನ ಸಭಾಂಗಣ ವರ್ಷಗಟ್ಟಲೆ ಶಿಥಿಲವಾಗಿ ನಿಂತಿದ್ದು 2017ರಲ್ಲಿ ನೆಲಸಮವಾಯಿತಲ್ಲ, ಅದಕ್ಕೂ ಸರ್ಕಾರವೇ ಮಾಲೀಕ. ಊರಿನ ಪರಂಪರೆಯನ್ನು ಕಾಯಬೇಕಾದ ಸಂಸ್ಥೆಯೇ ಆ ಪರಂಪರೆಯ ಅತಿ ದೊಡ್ಡ ಒಡೆಯ. ಒಡೆತನದ ಕೆಲಸದಲ್ಲಿ ಅದು ಸೋತಿದೆ. ಕಾವಲಿನ ಕಾನೂನನ್ನು ಎಷ್ಟು ಬಿಗಿ ಮಾಡಿದರೂ ಈ ಸೋಲು ಅದರಿಂದ ಸರಿಹೋಗುವುದಿಲ್ಲ ಎಂಬುದು ನನ್ನ ವಾದ.

ಮೊದಲು ಹೊಣೆ ಯಾರದು ಎಂದು ನೋಡೋಣ. 1958ರ ಕೇಂದ್ರ ಕಾಯ್ದೆಯಡಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಕಾಯುವ ಸ್ಮಾರಕಗಳು ದೇಶಕ್ಕೆಲ್ಲ ಸೇರಿ ಸುಮಾರು 3,700. ರಾಜ್ಯದ ಪುರಾತತ್ತ್ವ ಇಲಾಖೆಯ ಪಟ್ಟಿ ಬೇರೆ. ಇವೆರಡೂ ಹೆಚ್ಚಾಗಿ ದೇವಸ್ಥಾನ, ಕೋಟೆ, ಗುಮ್ಮಟಗಳ ಲೆಕ್ಕ. ಜನ ಇನ್ನೂ ಬಾಳುತ್ತಿರುವ, ವ್ಯಾಪಾರ ಮಾಡುತ್ತಿರುವ, ಪಾಠ ಕೇಳುತ್ತಿರುವ ನೂರಿನ್ನೂರು ವರ್ಷದ ಕಟ್ಟಡಗಳು ಯಾವ ಇಲಾಖೆಯ ಕೈಗೂ ಸಿಗದೆ ಊರಾಡಳಿತದ ಮಡಿಲಿಗೆ ಬೀಳುತ್ತವೆ. 1992ರ 74ನೇ ತಿದ್ದುಪಡಿಯ ಜೊತೆ ಸಂವಿಧಾನಕ್ಕೆ ಬಂದ ಹನ್ನೆರಡನೇ ಅನುಸೂಚಿಯಲ್ಲಿ ನಗರ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳಿವೆ; ಚರಂಡಿ, ನೀರು, ಸ್ಮಶಾನಗಳ ಸಾಲಿನಲ್ಲೇ ಊರಿನ ಸಾಂಸ್ಕೃತಿಕ ಮತ್ತು ಸೌಂದರ್ಯದ ಸಂಗತಿಗಳ ಪೋಷಣೆಯೂ ಇದೆ. ಮುಂಬೈ 1995ರಲ್ಲೇ ಪಾರಂಪರಿಕ ಕಟ್ಟಡಗಳಿಗೆ ದರ್ಜೆ ಕೊಟ್ಟು ನಿಯಮ ಮಾಡಿತು, ಉಳಿದ ನಗರಗಳು ಅದನ್ನು ನೋಡಿ ಕಲಿತವು. ಮೈಸೂರಿಗೂ ತಜ್ಞರ ಸಮಿತಿ ಬಂತು, ಇನ್ನೂರಕ್ಕೂ ಹೆಚ್ಚು ಕಟ್ಟಡಗಳ ಪಟ್ಟಿ ಬಂತು. ಕಾಗದದ ಕೆಲಸ ಕಡಿಮೆಯೇನೂ ಆಗಿಲ್ಲ.

ಮೈಸೂರಿನ ಮಟ್ಟಿಗೆ ಇದರಲ್ಲಿ ಒಂದು ವಿಪರ್ಯಾಸವಿದೆ. ನಾವು ಇಂದು ಪರಂಪರೆ ಎಂದು ಕರೆಯುವ ಮೈಸೂರನ್ನು ಕಟ್ಟಿದ್ದು ಅರಮನೆ ಒಂದೇ ಅಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಪ್ಲೇಗು ಊರನ್ನು ನಡುಗಿಸಿದ ಮೇಲೆ, 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿತು. ದೇಶದಲ್ಲೇ ಇಂಥ ಮೊದಲ ಸಂಸ್ಥೆಗಳಲ್ಲಿ ಅದೂ ಒಂದು. ಇಕ್ಕಟ್ಟಿನ ಕೇರಿಗಳನ್ನು ಬಿಡಿಸಿ ಬೀದಿ ಅಗಲ ಮಾಡಿ, ಬಡಾವಣೆ ಹಾಕಿ, ಗಾಳಿ ಬೆಳಕು ಬರುವಂತೆ ಊರನ್ನು ಮರುಜೋಡಿಸಿದ್ದು ಊರಾಡಳಿತದ ನೌಕರರು, ಓವರ್‌ಸಿಯರ್‌ಗಳು, ಗಾರೆ ಕೆಲಸದವರು. ಇಂದು ಪ್ರವಾಸಿಗಳು ಹೊಗಳುವ ಆ ಅಚ್ಚುಕಟ್ಟು ಒಂದು ಕಾಲದ ಮುನಿಸಿಪಾಲಿಟಿ ಕೆಲಸ. ಕಟ್ಟುವಾಗ ಇದ್ದ ಕೈಗೆ ಕಾಪಾಡುವುದು ಬಾರದೇ ಹೋಯಿತೇ?

ಬಾರದೇ ಹೋದದ್ದು ಹೇಗೆ ಎಂದು ತಿಳಿಯಲು ಸುಣ್ಣದ ಗಾರೆಯ ಹಳೆಯ ಕಟ್ಟಡ ಹೇಗೆ ಸಾಯುತ್ತದೆ ಎಂದು ಸ್ವಲ್ಪ ಹತ್ತಿರದಿಂದ ನೋಡಬೇಕು. ಇವುಗಳ ಚಾವಣಿ ಸಾಮಾನ್ಯವಾಗಿ ಮದ್ರಾಸ್ ತಾರಸಿ: ಮರದ ತೊಲೆ, ಅದರ ಮೇಲೆ ಜಂತೆ, ಜಂತೆಯ ಮೇಲೆ ಓರೆಯಾಗಿ ನಿಲ್ಲಿಸಿದ ತೆಳು ಇಟ್ಟಿಗೆ, ಮೇಲೆ ಸುಣ್ಣದ ಗಚ್ಚು. ಇದರ ಆಯುಷ್ಯವೆಲ್ಲ ನೀರು ನಿಲ್ಲದೆ ಹರಿದುಹೋಗುವುದರಲ್ಲಿದೆ. ಮಳೆನೀರಿನ ಕೊಳವೆಗೆ ಎಲೆ, ಪ್ಲಾಸ್ಟಿಕ್ ತುಂಬಿತು ಎನ್ನಿ. ನೀರು ತಾರಸಿಯ ಮೂಲೆಯಲ್ಲಿ ನಿಲ್ಲುತ್ತದೆ. ಗಚ್ಚು ಬಿರಿದು ತೇವ ಇಳಿದು, ಗೋಡೆಯೊಳಗೆ ಹುದುಗಿದ ತೊಲೆಯ ತುದಿ ಕೊಳೆಯತೊಡಗುತ್ತದೆ. ಆ ತುದಿ ಯಾರ ಕಣ್ಣಿಗೂ ಕಾಣುವುದಿಲ್ಲ. ಅಷ್ಟರಲ್ಲಿ ಕಾಗೆ ತಿಂದು ಹಾಕಿದ ಅರಳಿ ಬೀಜ ಪ್ಯಾರಪೆಟ್ಟಿನ ಸಂದಿಯಲ್ಲಿ ಮೊಳೆತು, ಸುಣ್ಣದ ನಡುವೆ ಬೇರು ಬಿಡುತ್ತದೆ. ಎರಡೆಲೆಯ ಸಸಿಯಾಗಿದ್ದಾಗ ಕೈಯಲ್ಲೇ ಕಿತ್ತು ಬಿಸಾಡಬಹುದು. ಐದು ವರ್ಷ ಬಿಟ್ಟರೆ ಗೋಡೆಯನ್ನೇ ಬಿಚ್ಚಬೇಕಾಗುತ್ತದೆ. ಆ ಹೊತ್ತಿಗೆ ಯಾರೋ ಬಂದು ‘ರಿಪೇರಿ’ ಎಂದು ಸಿಮೆಂಟು ಮೆತ್ತುತ್ತಾರೆ. ಸುಣ್ಣದ ಗೋಡೆ ತೇವವನ್ನು ಹೊರಗೆ ಬಿಡುವಂಥದು; ಸಿಮೆಂಟು ಅದರ ಬಾಯಿ ಮುಚ್ಚುತ್ತದೆ. ಒಳಗೆ ಸಿಕ್ಕಿಬಿದ್ದ ನೀರು ಇಟ್ಟಿಗೆಯನ್ನೇ ಪುಡಿ ಮಾಡುತ್ತದೆ. ಹೊರಗಿನಿಂದ ನೋಡಿದರೆ ಗೋಡೆ ನುಣ್ಣಗೆ, ಹೊಸ ಬಣ್ಣದಲ್ಲಿ. ಒಂದು ಆಗಸ್ಟಿನಲ್ಲಿ ನಾಲ್ಕು ದಿನ ಬಿಡದೆ ಮಳೆ ಹಿಡಿದರೆ ಆಯಿತು.

ಇದರಲ್ಲಿ ಕೋಟಿಗಟ್ಟಲೆ ಹಣ ಬೇಡುವ ಹಂತ ಕೊನೆಯದು ಮಾತ್ರ. ಮುಂಗಾರಿಗೆ ಮೊದಲು ತಾರಸಿ ಹತ್ತಿ ಕೊಳವೆ ಶುಚಿ ಮಾಡಿ, ಸಸಿ ಕಿತ್ತು, ಬಿರುಕಿಗೆ ಸುಣ್ಣ ತುಂಬುವುದಕ್ಕೆ ಇಬ್ಬರು ಕೆಲಸಗಾರರೂ ಒಂದು ಏಣಿಯೂ ಸಾಕು. ಆದರೆ ನಮ್ಮ ಆಡಳಿತದಲ್ಲಿ ದೊಡ್ಡ ಕಾಮಗಾರಿಗೆ ಟೆಂಡರ್ ಇದೆ, ಶಂಕುಸ್ಥಾಪನೆ ಇದೆ, ಫಲಕದ ಮೇಲೆ ಹೆಸರಿದೆ. ಏಣಿ ಹತ್ತುವುದಕ್ಕೆ ಏನೂ ಇಲ್ಲ. ಸೋರಿಕೆ ತಡೆದ ಎಂಜಿನಿಯರ್‌ಗೆ ಹಾರ ಹಾಕಿದವರನ್ನು ನಾನಂತೂ ಕಂಡಿಲ್ಲ. ಜೊತೆಗೆ, ಅತಿ ಕಡಿಮೆ ದರ ಹೇಳಿದವನಿಗೆ ಕೆಲಸ ಎಂಬ ಟೆಂಡರ್ ಪದ್ಧತಿ ಚರಂಡಿಗೆ ಸರಿಹೋಗಬಹುದು. ಸುಣ್ಣ ಅರಳಿಸಿ ಬೆಲ್ಲ, ಅಳಲೆಕಾಯಿ ನೀರು ಸೇರಿಸಿ ಗಾರೆ ಹದ ಮಾಡಬಲ್ಲ ಮೇಸ್ತ್ರಿ ಎಷ್ಟು ಕಡಿಮೆಗೆ ಬರುತ್ತಾನೆ? ಬರುವವನು ಸಿಮೆಂಟಿನವನು.

ಹಣದ ಇನ್ನೊಂದು ತುದಿ ಬಾಡಿಗೆ. ದೇವರಾಜ ಮಾರುಕಟ್ಟೆಯಲ್ಲಿ ಎಂಟುನೂರಕ್ಕೂ ಹೆಚ್ಚು ಅಂಗಡಿಗಳಿವೆ. ಮಲ್ಲಿಗೆಯ ಸಾಲು, ಕುಂಕುಮ ಅರಿಸಿನದ ಗುಡ್ಡೆ, ರಸಬಾಳೆ, ವೀಳ್ಯದೆಲೆ, ಊದುಬತ್ತಿ. ಮೈಸೂರು ಎಂದರೆ ನಾಲಿಗೆ ಮೂಗುಗಳಿಗೆ ನೆನಪಾಗುವುದೆಲ್ಲ ಅಲ್ಲಿದೆ. ಊರಿನ ನಟ್ಟನಡುವೆ ಇಷ್ಟು ವ್ಯಾಪಾರ ನಡೆಯುವ ಜಾಗ ತನ್ನ ಚಾವಣಿಯ ಖರ್ಚನ್ನು ತಾನೇ ದುಡಿಯಬೇಕಲ್ಲವೇ? ಆದರೆ ಪಾಲಿಕೆ ಮಾರುಕಟ್ಟೆಗಳ ಕಥೆ ಎಲ್ಲ ಊರಲ್ಲೂ ಒಂದೇ. ಎಂದೋ ನಿಗದಿಯಾದ ಬಾಡಿಗೆ, ಅದನ್ನು ಏರಿಸಲು ಚುನಾವಣೆಯ ಅಂಜಿಕೆ, ಮೂಲ ಬಾಡಿಗೆದಾರನಿಂದ ಒಳಬಾಡಿಗೆಗೆ ಪಡೆದವರು, ಅವರಿಂದ ಮತ್ತೊಬ್ಬರು. ವ್ಯಾಪಾರಿ ಕೊಡುವುದು ಕಡಿಮೆ, ಅದಕ್ಕೆ ಪಾಲಿಕೆ ಮಾಡುವುದೂ ಕಡಿಮೆ. ಪಾಲಿಕೆ ಏನೂ ಮಾಡುವುದಿಲ್ಲ, ಅದಕ್ಕೆ ವ್ಯಾಪಾರಿ ಹೆಚ್ಚು ಕೊಡಲೊಲ್ಲ. ಇಬ್ಬರ ಮಾತೂ ಅವರವರ ಮಟ್ಟಿಗೆ ನ್ಯಾಯ. ಮುಂಬೈಯಲ್ಲಿ 1947ರ ಬಾಡಿಗೆ ಕಾಯ್ದೆ ದಶಕಗಟ್ಟಲೆ ಬಾಡಿಗೆಯನ್ನು ಹಳೆಯ ಮಟ್ಟಕ್ಕೆ ಕಟ್ಟಿಹಾಕಿ ದಕ್ಷಿಣ ಮುಂಬೈಯ ಎಷ್ಟೋ ಚಾಳುಗಳನ್ನು ಹೀಗೆಯೇ ಕೊಳೆಸಿತು. ಅಲ್ಲಿ ಮಾಲೀಕರು ಖಾಸಗಿಯವರು, ಇಲ್ಲಿ ಪಾಲಿಕೆ. ಕಟ್ಟಡಕ್ಕೆ ಆ ವ್ಯತ್ಯಾಸ ತಿಳಿಯುವುದಿಲ್ಲ.

ಹೀಗೆ ಬಿಟ್ಟುಬಿಟ್ಟ ಮೇಲೆ ಪ್ರಶ್ನೆ ನ್ಯಾಯಾಲಯದ ಮುಂದೆ ಬರುತ್ತದೆ, ತೀರ ತಡವಾಗಿ. ದೇವರಾಜ ಮಾರುಕಟ್ಟೆಯನ್ನು ದುರಸ್ತಿ ಮಾಡಿ ಉಳಿಸಬಹುದು ಎಂದು ಒಂದು ಕಡೆಯ ತಜ್ಞರು ಹೇಳಿದರು, ಕೆಡವಿ ಕಟ್ಟುವುದೇ ಕ್ಷೇಮ ಎಂದು ಇನ್ನೊಂದು ಕಡೆಯವರು. 2023ರಲ್ಲಿ ಹೈಕೋರ್ಟ್, ಕೆಡವುವ ನಿರ್ಧಾರವನ್ನು ಪ್ರಶ್ನಿಸಿದ ಅರ್ಜಿಗಳನ್ನು ತಳ್ಳಿಹಾಕಿತು. ವಿರೋಧ ಆಮೇಲೂ ನಿಂತಿಲ್ಲ. ನ್ಯಾಯಾಧೀಶರನ್ನು ದೂರಲು ನನಗೆ ಮನಸ್ಸಿಲ್ಲ. ನಾಲ್ವರ ಸಾವಿನ ನೆನಪು ಹಸಿಯಾಗಿರುವ ಊರಿನಲ್ಲಿ, ಕುಸಿಯಬಹುದೆಂದು ಎಂಜಿನಿಯರ್‌ಗಳು ಬರೆದುಕೊಟ್ಟ ಗೋಡೆಯ ಕೆಳಗೆ ನೂರಾರು ಜನ ಕೂತಿರಲಿ ಎಂದು ಯಾರು ಆದೇಶ ಕೊಟ್ಟಾರು? ನನ್ನ ತಕರಾರು ಅದಕ್ಕೂ ಹಿಂದಿನದು. ಮೂವತ್ತು ವರ್ಷ ಚಾವಣಿ ನೋಡದ ಮಾಲೀಕನೇ ಕೊನೆಗೆ ಬಂದು ‘ಕಟ್ಟಡ ಅಪಾಯಕಾರಿ’ ಎಂದು ಸಾಕ್ಷಿ ಹೇಳಿದರೆ, ಅಪಾಯ ಹುಟ್ಟಿದ್ದು ಹೇಗೆ ಎಂದು ಕೇಳುವವರು ಯಾರು? ಖಾಸಗಿ ಮಾಲೀಕನೊಬ್ಬ ತನ್ನ ಪಾರಂಪರಿಕ ಮನೆಯ ಹೆಂಚು ತೆಗೆದು ಮಳೆಗೆ ಬಿಟ್ಟು, ಎರಡು ವರ್ಷದ ಮೇಲೆ ಕೆಡವಲು ಅನುಮತಿ ಕೇಳಿದರೆ ನಾವು ಅದನ್ನು ಕಳ್ಳಾಟ ಎನ್ನುತ್ತೇವೆ. ಪಾಲಿಕೆ ಉದ್ದೇಶವಿಟ್ಟು ಮಾಡಲಿಲ್ಲ, ಒಪ್ಪೋಣ. ಆದರೆ ಫಲ ಒಂದೇ.

ಪುದುಚೇರಿಯಲ್ಲಿ ಇದೇ ಕಥೆಯ ಎರಡು ಮುಖಗಳೂ ಒಂದೇ ಊರಿನಲ್ಲಿ ಸಿಗುತ್ತವೆ. ಕಡಲತೀರದ ರಸ್ತೆಯಲ್ಲಿ ಫ್ರೆಂಚರ ಕಾಲದ ನಗರಸಭೆ ಕಟ್ಟಡವಿತ್ತು. ಊರವರ ಬಾಯಲ್ಲಿ ಅದು ಮೇರಿ. 1870–71ರ ಸುಮಾರಿನದು, ನಗರಸಭೆಯ ಸ್ವಂತದ್ದು. ದುರಸ್ತಿ ಮಾಡಿ ಎಂಬ ಕೂಗು ವರ್ಷಗಟ್ಟಲೆ ಇದ್ದರೂ 2014ರ ನವೆಂಬರ್ ಮಳೆಯಲ್ಲಿ ಅದು ಪೂರ್ತಿ ಕುಸಿಯಿತು. ಆಮೇಲೆ ವಿಶ್ವಬ್ಯಾಂಕಿನ ನೆರವಿನಿಂದ ಅದೇ ಜಾಗದಲ್ಲಿ ಅದರದೇ ರೂಪದ ಕಟ್ಟಡ ಎದ್ದು 2021ರಲ್ಲಿ ತೆರೆಯಿತು. ನೋಡಲು ಚೆಂದವೇ. ಪ್ರತಿಕೃತಿಗಳನ್ನು ಕಂಡರೆ ಮೂಗು ಮುರಿಯುವ ಶುದ್ಧಾಚಾರ ನನಗಿಲ್ಲ; ಬಿದ್ದ ಮೇಲೆ ಖಾಲಿ ನಿವೇಶನಕ್ಕಿಂತ ಅದು ಮೇಲು. ಆದರೆ ಅದು 2021ರ ಕಟ್ಟಡ. ಅದಕ್ಕೆ ತಗುಲಿದ ಹಣದ ಸಣ್ಣ ಪಾಲಿನಲ್ಲಿ 1871ರದ್ದು ಉಳಿಯುತ್ತಿತ್ತು. ದೇವರಾಜ ಮಾರುಕಟ್ಟೆಯನ್ನು ‘ಅದೇ ಶೈಲಿಯಲ್ಲಿ’ ಕಟ್ಟಿಕೊಡುತ್ತೇವೆ ಎನ್ನುವವರು ಈ ಲೆಕ್ಕವನ್ನೂ ಜನರ ಮುಂದೆ ಇಡಬೇಕು.

ಅದೇ ಪುದುಚೇರಿಯ ತಮಿಳರ ಭಾಗದಲ್ಲಿ ವೈಶ್ಯಾಳ್ ಬೀದಿ ಇದೆ. ಬೀದಿಯುದ್ದಕ್ಕೂ ಮನೆಗಳ ಮುಂದೆ ಜಗಲಿ, ಅದರ ಮೇಲೆ ಮರದ ಕಂಬದ ಇಳಿಮಾಡು. ದಾರಿಹೋಕ ಕೂತು ದಣಿವಾರಿಸಿಕೊಳ್ಳಬಹುದಾದಂಥ, ನಮ್ಮ ಹಳೆಯ ಮೈಸೂರು ಸೀಮೆಯ ಮನೆಗಳಿಗೂ ನೆಂಟಸ್ತಿಕೆ ಇರುವ ವಿನ್ಯಾಸ. ಈ ಶತಮಾನದ ಆರಂಭದಲ್ಲಿ ಯುರೋಪಿಯನ್ ಒಕ್ಕೂಟದ ಏಷ್ಯಾ ಅರ್ಬ್ಸ್ ಯೋಜನೆಯಡಿ ಸ್ಥಳೀಯ ಆಡಳಿತ ಮತ್ತು ಪರಂಪರೆ ಸಂರಕ್ಷಣೆಯ ಸಂಸ್ಥೆ ಇಂಟ್ಯಾಕ್ ಸೇರಿ ಅಲ್ಲಿ ಸುಮಾರು ಇಪ್ಪತ್ತು ಮನೆಗಳ ಮುಂಭಾಗವನ್ನು ಸರಿಪಡಿಸಿದವು. ಮನೆಯವರು ಮನೆ ಬಿಡಲಿಲ್ಲ, ಯಾರ ಒಡೆತನವೂ ಬದಲಾಗಲಿಲ್ಲ. ಖರ್ಚಿನ ಪಾಲು ಯೋಜನೆಯದು, ಪಾಲು ಮನೆಯವರದು. 2008ರಲ್ಲಿ ಆ ಬೀದಿಗೆ ಯುನೆಸ್ಕೋದ ಏಷ್ಯಾ–ಪೆಸಿಫಿಕ್ ಪರಂಪರೆ ಪ್ರಶಸ್ತಿ ಬಂತು. ಪ್ರಶಸ್ತಿ ಬಂದಿತೆಂದು ಹೊಗಳುತ್ತಿಲ್ಲ. ಮನೆಯೊಡೆಯನ ಮನಸ್ಸು ಗೆದ್ದದ್ದು ನೋಟಿಸು ಅಲ್ಲ, ಹಂಚಿಕೊಂಡ ಖರ್ಚು ಎಂಬುದನ್ನು ಗಮನಿಸಬೇಕು.

ಮನೆಗಳ ವಿಷಯದಲ್ಲಿ ನಾವು ಎಡವುವುದು ಇಲ್ಲೇ. ಅಗ್ರಹಾರದ ತೊಟ್ಟಿ ಮನೆಯೊಂದನ್ನು ಊಹಿಸಿ. ಅಪ್ಪ ತೀರಿಕೊಂಡಿದ್ದಾರೆ, ಆಸ್ತಿ ನಾಲ್ಕು ಮಕ್ಕಳ ಹೆಸರಿನಲ್ಲಿದೆ. ಇಬ್ಬರು ಬೆಂಗಳೂರಿನಲ್ಲಿ, ಒಬ್ಬರು ಅಮೆರಿಕದಲ್ಲಿ. ಮನೆಯಲ್ಲಿ ಉಳಿದವರು ಪಿಂಚಣಿಯ ಮೇಲೆ ಬದುಕುವ ಅಕ್ಕ. ಮಳೆ ಬಂದರೆ ತೊಟ್ಟಿಯ ಸುತ್ತ ಪಾತ್ರೆ ಇಡಬೇಕು. ಪಕ್ಕದ ನಿವೇಶನದಲ್ಲಿ ನಾಲ್ಕಂತಸ್ತು ಏಳುತ್ತಿದೆ. ಅಂಥವರ ಕೈಗೆ ‘ನಿಮ್ಮ ಮನೆ ಪಾರಂಪರಿಕ, ಅನುಮತಿ ಇಲ್ಲದೆ ಮುಟ್ಟಬೇಡಿ’ ಎಂಬ ಕಾಗದ ಬಂದರೆ ಅವರಿಗೆ ಹೆಮ್ಮೆಯಾಗುತ್ತದೆಯೇ, ಹೊಟ್ಟೆಗೆ ಬೆಂಕಿ ಬೀಳುತ್ತದೆಯೇ? ಊರಿನ ಅಂದಕ್ಕಾಗಿ ತಮ್ಮ ಆಸ್ತಿಯ ಬೆಲೆಯನ್ನು ತಾವೊಬ್ಬರೇ ಬಿಟ್ಟುಕೊಡಬೇಕು ಎನ್ನುವುದು ನ್ಯಾಯವೂ ಅಲ್ಲ, ನಡೆಯುವ ಮಾತೂ ಅಲ್ಲ. ಊರಿಗೆ ಬೇಕೆಂದರೆ ಊರು ಕೊಡಬೇಕು: ಆಸ್ತಿ ತೆರಿಗೆ ಬಿಡಬೇಕು, ದುರಸ್ತಿಗೆ ಪಾಲು ಹಣ ಕೊಡಬೇಕು, ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಯ ವಿಳಾಸವನ್ನಾದರೂ ಕೊಡಬೇಕು.

ಅಭಿವೃದ್ಧಿ ಹಕ್ಕುಗಳ ವರ್ಗಾವಣೆ, ಅಂದರೆ ಟಿಡಿಆರ್, ಇದಕ್ಕೆಲ್ಲ ಉತ್ತರ ಎಂದು ನಗರ ಯೋಜಕರು ಹೇಳುತ್ತಾರೆ. ಹಳೆಯ ಮನೆಯ ಮೇಲೆ ಅಂತಸ್ತು ಎಬ್ಬಿಸುವ ಹಕ್ಕನ್ನು ಬಿಟ್ಟುಕೊಟ್ಟವರು ಆ ಹಕ್ಕನ್ನು ಬೇರೆ ಕಡೆ ಕಟ್ಟುವವರಿಗೆ ಮಾರಬಹುದು. ಮುಂಬೈಯಲ್ಲಿ ಇದು ಬಂದಿದೆ, ಅಹಮದಾಬಾದಿನ ಹಳೆಯ ಕೇರಿಗಳಾದ ಪೋಳ್‌ಗಳ ಮರದ ಮನೆಗಳಿಗೂ ಬಂದಿದೆ. ಜಾಗ ಚಿನ್ನವಾಗಿರುವ ನಗರದಲ್ಲಿ ಈ ಕಾಗದಕ್ಕೆ ಗಿರಾಕಿ ಸಿಗುತ್ತಾನೆ. ಊರ ಹೊರಗೆ ಹೊಲಗಳೆಲ್ಲ ಇನ್ನೂ ಲೇಔಟ್ ಆಗುತ್ತಲೇ ಇರುವ ಮೈಸೂರು, ಧಾರವಾಡಗಳಲ್ಲಿ ಅದನ್ನು ಯಾರು ಕೊಳ್ಳುತ್ತಾರೆ? ಸಣ್ಣ ನಗರಗಳಿಗೆ ನಗದೇ ಬೇಕು.

ಅಹಮದಾಬಾದಿನಿಂದ ಕಲಿಯಬೇಕಾದದ್ದು ಬೇರೆ ಇದೆ. ಅಲ್ಲಿನ ಪಾಲಿಕೆ 1996ರಲ್ಲೇ ತನ್ನೊಳಗೆ ಒಂದು ಪರಂಪರೆ ವಿಭಾಗ ತೆರೆಯಿತು, ಮರುವರ್ಷ ಹಳೆಯ ಊರಿನ ಪಾರಂಪರಿಕ ನಡಿಗೆ ಶುರುಮಾಡಿತು. 2017ರಲ್ಲಿ ಭಾರತದ ಮೊದಲ ವಿಶ್ವ ಪರಂಪರೆ ನಗರ ಎಂಬ ಪಟ್ಟ ಬಂದದ್ದು ಅದಾದ ಎರಡು ದಶಕದ ಮೇಲೆ. ಪೋಳ್‌ಗಳ ಎಲ್ಲ ಮನೆ ಉಳಿದಿಲ್ಲ, ಈಗಲೂ ಕೆಡವುತ್ತಿದ್ದಾರೆ. ಆದರೂ ಆಯುಕ್ತರು ಬದಲಾದರೂ ಬದಲಾಗದ ಒಂದು ಮೇಜು, ಕಡತ, ನಾಲ್ಕು ಜನ ಪಾಲಿಕೆಯೊಳಗೆ ಇದ್ದರು. ನಮ್ಮಲ್ಲಿ ಸಮಿತಿಗಳಿವೆ. ಸಮಿತಿ ಸಭೆ ಸೇರುತ್ತದೆ, ಶಿಫಾರಸು ಬರೆಯುತ್ತದೆ. ಏಣಿ ಅದರ ಕೈಯಲ್ಲಿಲ್ಲ.

ಒಂದೇ ಬಾರಿ ಭರ್ಜರಿಯಾಗಿ ಹಣ ಸುರಿದರೂ ಸಾಲದು ಎಂಬುದಕ್ಕೆ ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸವೇ ಸಾಕ್ಷಿ. 1905ರ ಆ ಭವ್ಯ ಸೌಧ, ಜಾನಪದ ವಸ್ತುಸಂಗ್ರಹಾಲಯದ ಮನೆ, ಇನ್ಫೊಸಿಸ್ ಪ್ರತಿಷ್ಠಾನದ ನೆರವಿನಿಂದ ಈ ಶತಮಾನದ ಮೊದಲ ದಶಕದಲ್ಲಿ ಚೆನ್ನಾಗಿ ಜೀರ್ಣೋದ್ಧಾರವಾಗಿತ್ತು. ಹೆಚ್ಚು ಕಾಲ ಕಳೆಯುವ ಮೊದಲೇ ಮತ್ತೆ ಸೋರತೊಡಗಿತು, ಮತ್ತೆ ಹಣ ಹುಡುಕುವ ಸ್ಥಿತಿ ಬಂತು.

ಇಷ್ಟಕ್ಕೂ ಇವನ್ನೆಲ್ಲ ಯಾಕೆ ಉಳಿಸಬೇಕು ಎಂದು ಕೇಳುವವರಿದ್ದಾರೆ. ಕುಡಿಯುವ ನೀರಿಗೆ ಹಣವಿಲ್ಲದ ಪಾಲಿಕೆ ವೈಸರಾಯ್ ಹೆಸರಿನ ಕಟ್ಟಡಕ್ಕೆ ಸುಣ್ಣ ಬಳಿಯಬೇಕೇ? ಪ್ರಶ್ನೆ ಹಗುರವಲ್ಲ. 1892ರಲ್ಲಿ ಮೈಸೂರಿಗೆ ಬಂದಿದ್ದ ಲಾರ್ಡ್ ಲ್ಯಾನ್ಸ್‌ಡೌನ್‌ಗೂ ನಮಗೂ ಈಗ ಯಾವ ಋಣವೂ ಇಲ್ಲ. ಆದರೆ ಆ ಕಟ್ಟಡಕ್ಕೆ ಊರಿನಲ್ಲಿ ಹೆಸರು ಬಂದದ್ದು ಅಲ್ಲಿದ್ದ ಹಳೆಯ ಪುಸ್ತಕದಂಗಡಿಗಳಿಂದ. ಹಿಂದಿನ ವರ್ಷದ ಪಠ್ಯ ಮಾರಿ ಮುಂದಿನ ವರ್ಷದ್ದನ್ನು ಕೊಂಡು ಓದು ಮುಗಿಸಿದ ಬಡ ಹುಡುಗರಿಂದ. ಕಟ್ಟಡದ ಹಕ್ಕು ಅವರದು. ಪಟ್ಟಿ ಮಾಡುವವರ ಕಣ್ಣು ಅರಮನೆ, ಕಚೇರಿ, ಕಾಲೇಜುಗಳಾಚೆ ಹೋಗುವುದು ಕಡಿಮೆ ಎಂಬುದೂ ನಿಜ. ವಠಾರ, ಗರಡಿ ಮನೆ, ಛತ್ರ, ಅರಳಿಕಟ್ಟೆ ಇವೂ ಊರಿನ ಚರಿತ್ರೆಯೇ. ಮೈಸೂರಿನ ಗರಡಿ ಮನೆಯ ಕೆಮ್ಮಣ್ಣಿನ ಅಖಾಡಕ್ಕೂ ಅದರ ತಗ್ಗು ಬಾಗಿಲಿಗೂ ಗುಮ್ಮಟದಷ್ಟೇ ಕಥೆ ಇದೆ. ನೀರಿಗೆ ಹಣವಿಲ್ಲ ಎಂಬ ಮಾತಿಗೆ ನನ್ನ ಉತ್ತರ ಇಷ್ಟೇ: ಉಳಿಸುವುದು ದುಬಾರಿ ಎಂದು ಹೇಳುವ ಪಾಲಿಕೆಗಳೇ ಕೆಡವಿ ಕಟ್ಟುವುದಕ್ಕೆ ಕೋಟಿಗಳ ಅಂದಾಜು ಪಟ್ಟಿ ಹಿಡಿದು ಬರುತ್ತವೆ. ಆ ಹಣವನ್ನು ಎಲ್ಲಿಂದ ತರುತ್ತವೆ?

ಹಾಗಾದರೆ ಮಾಡಬೇಕಾದದ್ದು ಏನು? ಖಾಸಗಿಯವರಿಗೆ ನೋಟಿಸು ಕೊಡುವ ಮೊದಲು ಪ್ರತಿ ಪಾಲಿಕೆ ತನ್ನ ಒಡೆತನದ ಪಾರಂಪರಿಕ ಕಟ್ಟಡಗಳಿಗೆ ಬಜೆಟ್ಟಿನಲ್ಲಿ ಒಂದು ಪ್ರತ್ಯೇಕ ಲೆಕ್ಕಶೀರ್ಷಿಕೆ ತೆರೆಯಲಿ, ಆ ಹಣ ಬೇರೆ ಕಡೆ ಹೋಗದಂತೆ. ಮಾರುಕಟ್ಟೆಯ ಬಾಡಿಗೆ ಏರಿಸಲಿ, ಏರಿಸಿದ್ದು ಅದೇ ಮಾರುಕಟ್ಟೆಯ ಚಾವಣಿಗೆ ಹೋಗುತ್ತದೆ ಎಂದು ವ್ಯಾಪಾರಿಗಳ ಸಂಘಕ್ಕೆ ಲೆಕ್ಕ ತೋರಿಸಲಿ. ದುಡ್ಡು ಕಣ್ಣೆದುರೇ ಸುಣ್ಣವಾದರೆ ಕೊಡುವವರು ಕೊಡುತ್ತಾರೆ. ಪ್ರತಿ ಮೇ ತಿಂಗಳು ಒಬ್ಬ ಎಂಜಿನಿಯರ್ ತಾರಸಿ ಹತ್ತಿ ನೋಡಿ, ತಾನು ಕಂಡದ್ದನ್ನು ಬರೆದು, ಸಹಿ ಹಾಕಿ, ಅದನ್ನು ಕಟ್ಟಡದ ಬಾಗಿಲಲ್ಲೇ ಅಂಟಿಸಲಿ. ಕುಸಿದರೆ ಯಾರ ಸಹಿ ಇತ್ತು ಎಂದು ಕೇಳಲು ಆಗ ಬರುತ್ತದೆ. ಈವರೆಗೆ ಸಮಿತಿಗಳನ್ನು ಕೇಳಿದ್ದೇವೆ. ಸಮಿತಿಗೆ ಸಹಿಯೂ ಇಲ್ಲ, ಶಿಕ್ಷೆಯೂ ಇಲ್ಲ.

ದೇವರಾಜ ಮಾರುಕಟ್ಟೆಯಲ್ಲೂ ಮುಖ್ಯ ತೊಡಕು ಇಟ್ಟಿಗೆಗಿಂತ ಹೆಚ್ಚಾಗಿ ಮನುಷ್ಯರದು. ಕೆಡವಲಿ, ಕಾಪಾಡಲಿ, ಕೆಲಸ ನಡೆಯುವಷ್ಟು ಕಾಲ ಹೂವಿನವರು ಎಲ್ಲಿ ಕೂರಬೇಕು, ದಸರೆಯ ಹೊತ್ತಿಗೆ ಅವರ ವ್ಯಾಪಾರ ಏನಾಗಬೇಕು, ಮರಳಿ ಬಂದಾಗ ಅದೇ ಅಂಗಡಿ ಸಿಗುತ್ತದೆ ಎಂಬ ಭರವಸೆ ಯಾವ ಕಾಗದದಲ್ಲಿದೆ? ಹಂತಹಂತವಾಗಿ, ಒಂದೊಂದೇ ಸಾಲು ಖಾಲಿ ಮಾಡಿ ದುರಸ್ತಿ ಮಾಡುವುದಾದರೆ ಅಷ್ಟೂ ಅಂಗಡಿಗಳನ್ನು ಒಟ್ಟಿಗೆ ಎಬ್ಬಿಸಬೇಕಾಗಿಲ್ಲ. ಒಂದು ಸಾಲಿನವರಿಗೆ ಕೆಲವು ತಿಂಗಳು ಹತ್ತಿರದಲ್ಲೇ ತಾತ್ಕಾಲಿಕ ಜಾಗ ಹೊಂದಿಸಿದರೆ ಸಾಕು. ಪೂರ್ತಿ ಕೆಡವುವ ಯೋಜನೆಗೆ ಈ ಅನುಕೂಲ ಇಲ್ಲ. ವ್ಯಾಪಾರಿಗಳ ಜೊತೆ ಈ ಒಪ್ಪಂದ ಮೊದಲು ಬರವಣಿಗೆಗೆ ಬರಲಿ, ಅಂದಾಜು ಪಟ್ಟಿ ಆಮೇಲೆ ಬರಲಿ.